ಮೂರನೇ ಮುಳುಗು

ಹೊಳೆಮಂಟಿಯ ಹಾಲಿನ ಡೇರಿ ಸೆಕ್ರೆಟರಿ ಪರಮೇಶ್ ನಾಯಿ ತಂದದ್ದು ನಾಯಿಯ ಮೇಲಿನ ಪ್ರೀತಿಯಿಂದಲ್ಲ, ಷಡ್ಡಕನ ಮೇಲಿನ ಹೊಟ್ಟೆಕಿಚ್ಚಿನಿಂದ. ಹಾಸನದಲ್ಲಿರುವ ಷಡ್ಡಕ ರಜನೀಶ್ ತನ್ನ ಹೊಸ ಮನೆಯ ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಎಂಬ ಬೋರ್ಡು ಹಾಕಿಸಿ, ಅದರ ಹಿಂದೆ ನಿಜವಾಗಿಯೂ ಒಂದು ನಾಯಿ ಕಟ್ಟಿದ್ದ. ಗೃಹಪ್ರವೇಶಕ್ಕೆ ಹೋದ ಪರಮೇಶನನ್ನು ಆ ನಾಯಿ ಗೇಟಿನ ಹೊರಗೆ ಅರ್ಧ ಗಂಟೆ ನಿಲ್ಲಿಸಿತು. ಅತ್ತೆ ಮನೆಯ ಕಡೆಯವರೆಲ್ಲ ಕಿಟಕಿಯಲ್ಲಿ ನಿಂತು ನೋಡಿ ನಕ್ಕರು. ಊಟಕ್ಕೆ ಕೂತಾಗ ರಜನೀಶ್, “ಬೇಜಾರು ಮಾಡ್ಕೋಬೇಡಿ ಅಣ್ಣ, ಜಾತಿ ನಾಯಿ. ಆಳು ನೋಡಿ ಬೊಗಳುತ್ತೆ” ಎಂದ. ಆ ಮಾತು ಹೋಳಿಗೆಯ ಜೊತೆ ಪರಮೇಶನ ಗಂಟಲಲ್ಲಿ ಸಿಕ್ಕಿಕೊಂಡದ್ದು ವರ್ಷವಾದರೂ ಇಳಿಯಲಿಲ್ಲ.

ಚನ್ನರಾಯಪಟ್ಟಣದಲ್ಲಿ ಯಾರೋ ಇಂಜಿನಿಯರಿಗೆ ವರ್ಗವಾಗಿದೆ, ಅವರ ದೊಡ್ಡ ನಾಯಿಯನ್ನು ಸುಮ್ಮನೆ ಕೊಟ್ಟುಬಿಡುತ್ತಾರಂತೆ ಎಂಬ ಸುದ್ದಿ ಬಂದಾಗ ಪರಮೇಶ್ ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ದೊಡ್ಡದು?” ಇಂಜಿನಿಯರು ಗೇಟು ತೆಗೆದರು. ಒಳಗಿಂದ ಬಂದದ್ದನ್ನು ನೋಡಿ ಪರಮೇಶ್ ಎರಡು ಹೆಜ್ಜೆ ಹಿಂದೆ ಸರಿದು ರಸ್ತೆಗೆ ಇಳಿದ. ಕಾಡಿಗೆ ಕಪ್ಪು ಮೈ, ಗೇಣುದ್ದ ಕೂದಲು, ಎಮ್ಮೆಗರುವಿನ ತಲೆ, ಬಾಯಿಯ ಎರಡೂ ಬದಿಯಿಂದ ಇಳಿಯುವ ಜೊಲ್ಲು. ತೂಕ ಅರವತ್ತೆಂಟು ಕೆಜಿ. ಅಂದರೆ ಪರಮೇಶನಿಗಿಂತ ಆರು ಕೆಜಿ ಹೆಚ್ಚು.

“ನ್ಯೂಫೌಂಡ್‌ಲ್ಯಾಂಡ್ ಜಾತಿ. ಹೆಸರು ಕ್ಯಾಪ್ಟನ್. ಹಸುವಿನಂಥ ಸಾಧು. ನೀರಂದ್ರೆ ಪ್ರಾಣ ಬಿಡ್ತಾನೆ” ಎಂದರು ಇಂಜಿನಿಯರು. ಪರಮೇಶ್ ಅದರ ಪಕ್ಕ ನಿಂತು ಫೋಟೋ ತೆಗೆಸಿ ಅಲ್ಲಿಂದಲೇ ರಜನೀಶನಿಗೆ ಕಳಿಸಿದ. ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಗಂಟಲಲ್ಲಿದ್ದ ಹೋಳಿಗೆ ಅವತ್ತು ಇಳಿಯಿತು.

ಗೂಡ್ಸ್ ಆಟೋದಿಂದ ಇಳಿದದ್ದನ್ನು ಹೆಂಡತಿ ಗಂಗಾಂಬಿಕೆ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಇದೇನ್ರೀ, ಕರಡಿ ತಂದಿದೀರಾ?”

“ನಾಯಿ ಕಣೆ.”

“ಯಾರು ಹೇಳಿದ್ದು?”

ಆ ಅನುಮಾನ ಅವಳೊಬ್ಬಳದೇ ಆಗಿರಲಿಲ್ಲ. ಸಂಜೆಯೊಳಗೆ ಇಡೀ ಊರು ಬಂದು ನೋಡಿ, ಬಾಲ ಇದ್ದ ಒಂದೇ ಕಾರಣಕ್ಕೆ ಅದನ್ನು ನಾಯಿ ಎಂದು ಸದ್ಯಕ್ಕೆ ಒಪ್ಪಿಕೊಂಡಿತು.

ದೊಡ್ಡ ನಾಯಿ ತರುವುದು ಒಂದು ಗಂಟೆಯ ಕೆಲಸ, ಸಾಕುವುದು ಇಪ್ಪತ್ತನಾಲ್ಕು ಗಂಟೆಯದು ಎಂಬುದು ಪರಮೇಶನಿಗೆ ಮಾರನೆಯ ದಿನವೇ ತಿಳಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಕ್ಯಾಪ್ಟನ್ ದನಗಳ ನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕಣ್ಣುಮುಚ್ಚಿ ಕೂತಿತ್ತು. ತೊಟ್ಟಿಯ ನೀರೆಲ್ಲ ಅಂಗಳದಲ್ಲಿತ್ತು. ಬಿಸಿಲೇರಿದರೆ ಅದಕ್ಕೆ ಒದ್ದೆ ಗೋಣಿಚೀಲ ಹಾಸಬೇಕು. ದಿನಾ ಬಾಚಬೇಕು, ಬಾಚಿದರೆ ಮಂಕರಿ ತುಂಬ ಕೂದಲು. ನೀರು ನಿಂತು ಕಿವಿ ಹುಣ್ಣಾಗದಂತೆ ಒರೆಸಬೇಕು. ಬೆಳಿಗ್ಗೆ, ಸಂಜೆ ಹೇಮಾವತಿ ಹೊಳೆಗೆ ಕರೆದುಕೊಂಡು ಹೋಗಬೇಕು. ಬಂದಮೇಲೆ ನಡುಮನೆಯಲ್ಲಿ ನಿಂತು ಒಮ್ಮೆ ಮೈ ಕೊಡವಿದರೆ ದೇವರ ಪಟಗಳಿಗೂ ಸ್ನಾನ. ಬೈಯುತ್ತ ಬೈಯುತ್ತಲೇ ಗಂಗಾಂಬಿಕೆ ಅದರ ಜೊಲ್ಲು ಒರೆಸಲೆಂದು ಬೇರೆ ಟವೆಲೊಂದನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡತೊಡಗಿದಳು. ತಿಂಗಳಾಗುವುದರೊಳಗೆ “ಕ್ಯಾಪ್ಟನ್ ಉಂಡಿದ್ದಾನಾ?” ಎಂದು ಕೇಳಿದ ಮೇಲೆಯೇ “ನೀವು ಉಂಡ್ರಾ?” ಎಂದು ಗಂಡನನ್ನು ಕೇಳುವ ಹಂತಕ್ಕೆ ಬಂದಳು.

ಊಟದ್ದೇ ಕಷ್ಟ. ಹೊತ್ತಿಗೆ ಮೂರು ಮುದ್ದೆ ತಿಂದರೂ ನಾಯಿ ಸೊರಗುತ್ತಿತ್ತು. ಹೊಳೆನರಸೀಪುರದ ದನದ ಡಾಕ್ಟರು ನೋಡಿ, “ಮಾಂಸ ಆಗಲ್ಲ ಅಂದ್ರೆ ದಿನಕ್ಕೆ ಆರು ಮೊಟ್ಟೆನಾದ್ರೂ ಹಾಕಿ” ಎಂದುಬಿಟ್ಟರು. ಪರಮೇಶನದು ಲಿಂಗ ಕಟ್ಟಿದ ಮನೆ. ಹಿಂದಿನ ತಿಂಗಳಷ್ಟೇ ಸ್ವಾಮಿಗಳ ಪಾದಪೂಜೆ ಮಾಡಿಸಿದ ಮನೆ. ಗಂಡ ಹೆಂಡತಿ ಒಂದು ದಿನವೆಲ್ಲ ಯೋಚಿಸಿ, ಕೊಟ್ಟಿಗೆಯ ಹಿಂದೆ ಮೂರು ಕಲ್ಲಿಟ್ಟು, ಹಳೇ ಡಬರಿಯೊಂದರಲ್ಲಿ ಮೊಟ್ಟೆ ಬೇಯಿಸತೊಡಗಿದರು. ಹೊಳೆನರಸೀಪುರದ ಅಂಗಡಿಯವರೆಲ್ಲ ಪರಿಚಯದವರು. ಆದ್ದರಿಂದ ಪರಮೇಶ್ ವಾರಕ್ಕೊಮ್ಮೆ ಅರಕಲಗೂಡಿನವರೆಗೆ ಬೈಕಿನಲ್ಲಿ ಹೋಗಿ, ಹೆಲ್ಮೆಟ್ಟು ತೆಗೆಯದೆ ಮೊಟ್ಟೆ ಕೊಂಡು, ಬುಟ್ಟಿಯ ಮೇಲೆ ಟವೆಲು ಮುಚ್ಚಿ ತರುತ್ತಿದ್ದ. ಜೊತೆಗೆ ಡೇರಿಯಲ್ಲಿ ಜಿಡ್ಡಿನ ಪರೀಕ್ಷೆಗೆಂದು ಎಲ್ಲರ ಹಾಲಿನಿಂದ ಒಂದೊಂದು ಗುಟುಕು ತೆಗೆದದ್ದರಲ್ಲಿ ಉಳಿಯುವ ಸ್ಯಾಂಪಲ್ ಹಾಲನ್ನೂ ನಾಯಿಗೆ ಹಾಕುತ್ತಿದ್ದ. ಸ್ಯಾಂಪಲ್ ಹಾಲು ಸೆಕ್ರೆಟರಿಗೆ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ, ಬೇಡವೆಂದೂ ಬರೆದಿಲ್ಲ.

ಮುಚ್ಚಿದ ಬುಟ್ಟಿಯನ್ನು ನೋಡಿದವಳು ಎದುರು ಮನೆಯ ಲಕ್ಕಮ್ಮ. ಅರವತ್ತು ದಾಟಿದ, ಎರಡು ಎಮ್ಮೆ ಒಂದು ಹಸು ಕಟ್ಟಿದ ಹೆಂಗಸು. ಊರಿನಲ್ಲಿ ಏನು ಕಳೆದರೂ ಯಾರು ಕದ್ದರು ಎಂದು ಕಳೆದುಕೊಂಡವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಇದೇ ಸಮಯಕ್ಕೆ ಡೇರಿಯ ಹಾಲು ತೆಳುವಾಯಿತು. ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡಲು ಗಾಜಿನ ಕೊಳವೆಯೊಂದನ್ನು ತೇಲಿಬಿಡುತ್ತಾರೆ. ಅದರ ಮೇಲಿನ ಅಂಕಿಗೆ ಊರವರು ಡಿಗ್ರಿ ಎನ್ನುತ್ತಾರೆ. ಇಪ್ಪತ್ತೆಂಟಿದ್ದರೆ ಮರ್ಯಾದೆ, ಇಪ್ಪತ್ತಾರಕ್ಕಿಂತ ಕೆಳಗಿಳಿದರೆ ಮಾನ ಹೋಯಿತು. ಒಬ್ಬೊಬ್ಬರ ಹಾಲಿಗೂ ಕೊಳವೆ ಬಿಡುತ್ತ ಕೂತರೆ ಟ್ಯಾಂಕರ್ ಹೊರಟುಹೋಗುತ್ತದೆ. ಹಾಗಾಗಿ ಅನುಮಾನ ಬಂದವರದ್ದನ್ನು ಮಾತ್ರ ನೋಡುವುದು ವಾಡಿಕೆ. ಆದರೆ ಯಾರದ್ದನ್ನು ನೋಡಿದರೂ ಅವರು ಮೂರು ತಿಂಗಳು ಮಾತು ಬಿಡುತ್ತಿದ್ದರು. ಹೀಗಾಗಿ ಪರಮೇಶ್ ಯಾರ ಮೇಲೂ ಅನುಮಾನ ಪಡದೆ, ಎಲ್ಲರ ಹಾಲನ್ನೂ ಒಂದೇ ಕ್ಯಾನಿಗೆ ಸುರಿದು, ಸುಖವಾಗಿದ್ದ.

ಒಂದು ಸೋಮವಾರ ಹಾಸನದ ಹಾಲು ಒಕ್ಕೂಟದಿಂದ ಶಶಿಕಿರಣ್ ಎಂಬ ಅಧಿಕಾರಿ ಬಂದ. ಇಪ್ಪತ್ತೆಂಟು ವರ್ಷದ ಹುಡುಗ, ಇಸ್ತ್ರಿ ಮುರಿಯದ ಶರ್ಟು.

“ಡಿಗ್ರಿ ಇಪ್ಪತ್ಮೂರು ಬಂದಿದೆ. ಎರಡು ಸಲ ಹಾಲು ವಾಪಸ್ ಆಗಿದೆ. ಮೂರನೇ ಸಲ ಆದ್ರೆ ಈ ಡೇರಿ ಮುಚ್ತೀವಿ. ನೀವು ನಾಲ್ಕು ಕಿಲೋಮೀಟರ್ ನಡೆದು ಪಕ್ಕದ ಊರಿಗೆ ಹಾಕ್ಬೇಕಾಗುತ್ತೆ. ಯಾರು ನೀರು ಬೆರೆಸ್ತಿದಾರೆ ಅಂತ ನೀವೇ ಕಂಡುಹಿಡೀರಿ. ಮುಂದಿನ ಸೋಮವಾರ ಬರ್ತೀನಿ.”

ಮುಚ್ಚಿದ ಡೇರಿಗೆ ಸೆಕ್ರೆಟರಿ ಇರುವುದಿಲ್ಲ. ಪರಮೇಶನಿಗೆ ಗೊತ್ತಿದ್ದ ವಿದ್ಯೆ ಈ ಕೊಳವೆ ತೇಲಿಬಿಡುವುದೊಂದೇ. ಊರಿನಲ್ಲಿ ಅವನನ್ನು ಜನ ಎದ್ದು ನಿಂತು ಮಾತಾಡಿಸುತ್ತಿದ್ದುದೂ ಆ ಕುರ್ಚಿಯ ದೆಸೆಯಿಂದಲೇ.

ಅಂದು ಸಂಜೆಯೇ ಡೇರಿಯ ಜಗಲಿಯಲ್ಲಿ ಸಭೆ ಸೇರಿತು. ನಲವತ್ತು ಮನೆಯವರೂ ಬಂದರು. ಎಲ್ಲರೂ ಒಬ್ಬರನ್ನೊಬ್ಬರು ಓರೆಗಣ್ಣಿನಲ್ಲಿ ನೋಡುತ್ತ ಕೂತರು. ಡೇರಿ ಅಧ್ಯಕ್ಷರು ಚನ್ನಪ್ಪನವರು, ಊರಿನ ದೊಡ್ಡ ಕುಳ. ಅವರು ಗಂಟಲು ಸರಿಮಾಡಿಕೊಂಡು, “ಇಷ್ಟು ದಿನ ಇಲ್ದಿದ್ದು ಈಗ್ಯಾಕೆ ಬಂತು? ಊರಿಗೆ ಒಸದಾಗಿ ಏನು ಬಂತು ಅಂತ ಯೋಚ್ನೆ ಮಾಡ್ರಪ್ಪ” ಎಂದರು.

ನಲವತ್ತು ತಲೆಗಳು ಬಾಗಿಲ ಕಡೆ ತಿರುಗಿದವು. ಬಾಗಿಲಲ್ಲಿ ಕ್ಯಾಪ್ಟನ್ ಜೊಲ್ಲು ಸುರಿಸುತ್ತ ಮಲಗಿತ್ತು.

“ನಾನೊಂದು ಮಾತು ಕೇಳ್ತೀನಿ ಪರಮೇಸ” ಎಂದು ಲಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಿಮ್ಮನೇಲಿ ಬಾಡಿಲ್ಲ, ಮೀನಿಲ್ಲ. ನಿಮ್ಮನೆ ಬೆಕ್ಕು ನೋಡು, ಕಡ್ಡಿ ಅಂಗೈತೆ. ಈ ನಾಯಿ ಎಂಗೆ ಕ್ವಾಣ ಬೆಳ್ದಂಗೆ ಬೆಳೀತು? ಏನಾಕ್ತೀಯ ಇದ್ಕೆ?”

“ಮುದ್ದೆ ಅಕ್ಕ.”

“ಬರೀ ಮುದ್ದೆನಾ?”

ಪರಮೇಶನ ಬಾಯಿಗೆ ಮೊಟ್ಟೆ ಬಂತು. ನುಂಗಿಕೊಂಡ. “ಮುದ್ದೆ… ಉಪ್ಸಾರು…”

“ಉಪ್ಸಾರು ಉಂಡು ನಾಯಿ ಮೈ ಅಂಗೆ ಮಿಂಚ್ತದಾ? ಕಂಬಳಿ ಒದ್ಕಂಡಂಗೆ ಐತೆ! ನಂಗೆ ಗೊತ್ತು ಬುಡು. ದಿನಾ ನಾಕು ಲೀಟ್ರು ಆಲು ಅದ್ಕೆ, ಅಷ್ಟೇ ನೀರು ಕ್ಯಾನ್‌ಗೆ. ಬುಟ್ಟಿ ಮೇಲೆ ಟವಲ್ ಮುಚ್ಕಂಡು ಏನು ತರ್ತೀಯ ಏಳು, ಅದ್ನಾದ್ರೂ ಏಳು!”

ಹೇಳಿದರೆ ಕುರ್ಚಿ ಉಳಿಯುತ್ತದೆ, ಮನೆತನ ಹೋಗುತ್ತದೆ. ಹೇಳದಿದ್ದರೆ ಮನೆತನ ಉಳಿಯುತ್ತದೆ, ಮರ್ಯಾದೆ ಹೋಗುತ್ತದೆ. ಪರಮೇಶ್ ಗಂಗಾಂಬಿಕೆಯ ಮುಖ ನೋಡಿದ. ಅವಳು ನೆಲ ನೋಡಿದಳು. ಇಂಥ ಹೊತ್ತಿನಲ್ಲಿ ಬುದ್ಧಿವಂತರು ಸುಮ್ಮನಿರುತ್ತಾರೆ. ಪರಮೇಶನ ಬಾಯಿಂದ ಅವನಿಗೇ ತಿಳಿಯದಂತೆ ದೊಡ್ಡ ಮಾತೊಂದು ಹೊರಬಿತ್ತು:

“ಹೊಳೆ ಬಸಪ್ಪನ ಮುಂದೆ ಮೂರು ಮುಳುಗು ಹಾಕ್ತೀನಿ! ಆಗ ನಂಬ್ತೀರೋ?”

ಮೂರು ಮುಳುಗು ಹೊಳೆಮಂಟಿಯ ಕೊನೆಯ ಕೋರ್ಟು. ಹೊಳೆಯ ದಡದಲ್ಲಿ ಬಸಪ್ಪನ ಗುಡಿ ಇದೆ. ಆಪಾದನೆ ಹೊತ್ತವರು ಗುಡಿಯ ಮುಂದೆ ಎದೆಮಟ್ಟದ ನೀರಿಗಿಳಿದು ಮೂರು ಸಲ ಮುಳುಗಿ, ಒದ್ದೆ ಬಟ್ಟೆಯಲ್ಲೇ ಬಂದು ‘ನಾನು ಮಾಡಿಲ್ಲ’ ಎಂದು ಕರ್ಪೂರ ಮುಟ್ಟಬೇಕು. ಮೂರನೇ ಮುಳುಗು ಮುಗಿಯುವ ಮೊದಲು ನೀರು ಬಿಟ್ಟು ಬಂದರೆ ಕಳ್ಳ ಎಂದೇ ತೀರ್ಮಾನ. ಅದರ ಮೇಲೆ ಅಪೀಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಹಾಕಿದವರೆಲ್ಲ ಖಾಲಿ ಕ್ಯಾನಿನ ಸಮೇತ ಹೊಳೆಗೆ ನಡೆದರು. ಕ್ಯಾಪ್ಟನನ್ನು ಕೊಟ್ಟಿಗೆಯ ಗೂಟಕ್ಕೆ ಕಟ್ಟಿ ಬಂದಿದ್ದ ಪರಮೇಶ್, ಬಿಳಿ ಪಂಚೆಯುಟ್ಟು ಮದುಮಗನ ಹಾಗೆ ನೀರಿಗಿಳಿದ. ಮೊದಲ ಮುಳುಗು ಸರಾಗವಾಗಿ ಆಯಿತು. ಎದ್ದು ಕಣ್ಣೊರೆಸಿಕೊಂಡು ದಡದ ಕಡೆ ನೋಡಿ ಸಣ್ಣಗೆ ನಕ್ಕ. ಎರಡನೆಯದಕ್ಕೆ ಮುಳುಗಿ ಏಳುವಷ್ಟರಲ್ಲಿ ದಡದಲ್ಲಿ ಕಿರುಚಾಟ. ಜನ ಇಬ್ಭಾಗವಾದರು. ನಡುವಿನಿಂದ ಕ್ಯಾಪ್ಟನ್ ಗೂಟ ಸಮೇತ ಓಡಿಬಂದು ಧಡಾರನೆ ಹೊಳೆಗೆ ಬಿತ್ತು.

“ಏ ಕ್ಯಾಪ್ಟನ್! ಹೋಗೋ! ಮನೆಗೆ ಹೋಗೋ!” ಪರಮೇಶ್ ಅವಸರದಲ್ಲಿ ಮೂರನೆಯದಕ್ಕೆ ಮೂಗು ಹಿಡಿದ. ಮುಳುಗಲಾಗಲಿಲ್ಲ. ಅವನ ತೋಳು ನಾಯಿಯ ಬಾಯಲ್ಲಿತ್ತು. ಹಲ್ಲು ನಾಟಲಿಲ್ಲ, ಹಿಡಿತವೂ ಸಡಿಲಲಿಲ್ಲ. ಅರವತ್ತೆಂಟು ಕೆಜಿ ನಾಯಿ ಅರವತ್ತೆರಡು ಕೆಜಿ ಸೆಕ್ರೆಟರಿಯನ್ನು ದಡಕ್ಕೆಳೆದು, ಮೆಟ್ಟಿಲ ಮೇಲೆ ಮಲಗಿಸಿ, ಎದೆಯ ಮೇಲೆ ಕಾಲಿಟ್ಟು ಮುಖ ನೆಕ್ಕಿತು.

ಪರಮೇಶ್ ಕೊಸರಿಕೊಂಡು ಮತ್ತೆ ಇಳಿದ. ಮತ್ತೆ ಎಳೆಯಿತು. ಮೂರನೇ ಬಾರಿ ಇಳಿದಾಗ ನಾಯಿ ಒಂದನೇ ಮುಳುಗಿಗೂ ಬಿಡಲಿಲ್ಲ.

ಚನ್ನಪ್ಪನವರು ಗುಡಿಯ ಕಡೆ ತಿರುಗಿ ಕೈಮುಗಿದರು. “ತೀರ್ಪು ಕೊಟ್ಬುಟ್ಟ ಬಸಪ್ಪ. ಅನ್ನ ಆಕ್ದೋನು ಸುಳ್ಳಾಣೆ ಇಕ್ತಾನೆ ಅಂತ ಮೂಕ್‌ಪ್ರಾಣಿಗೂ ತಡ್ಯಕ್ಕಾಗ್ಲಿಲ್ಲ. ಆಲು ಕುಡ್ದಿರೋದೇ ಅದು. ಅದ್ಕಿಂತ ಸಾಕ್ಷಿ ಬೇಕಾ? ಪರಮೇಸ, ಡೇರಿ ಬೀಗ ಕೊಟ್ಬುಡಪ್ಪ.”

ನಾಲ್ಕು ಲೀಟರು ಕದ್ದವನಲ್ಲ ಪರಮೇಶ್. ಆದರೆ ಸ್ಯಾಂಪಲ್ ಹಾಲಿನ ನೆನಪು ಬಂದು, ನಿಜವಾಗಿಯೂ ಬಸಪ್ಪನಿಗೆ ಅದೂ ತಿಳಿದುಹೋಯಿತೇ ಎಂದು ಅವನು ಗುಡಿಯ ಕಡೆ ಕಳ್ಳನೋಟ ಬೀರಿದ. ಬೀಗದ ಕೈ ಹುಡುಕಲು ಪಂಚೆಯ ಗಂಟಿಗೆ ಕೈಹಾಕಿದ.

“ಕೊಡ್ಬೇಡಿ!” ಗಂಗಾಂಬಿಕೆ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ಯಾರೂ ಕೇಳಿರಲಿಲ್ಲ. “ನಾಯಿ ಅಷ್ಟು ಸತ್ಯವಂತ ಆದ್ರೆ ಎಲ್ಲಾರೂ ಇಳೀರಿ. ನಲವತ್ತು ಮನೆಯವ್ರೂ ಇಳೀರಿ. ಲಕ್ಕಕ್ಕ, ಮೊದಲು ನೀನೇ ಇಳಿ ನೋಡಾಣ!”

“ನಂಗೇನು ಎದ್ರಿಕೆ?” ಎಂದಳು ಲಕ್ಕಮ್ಮ. ಕಾಲಿನ ಬೆರಳು ಮಾತ್ರ ನೀರಿಗೆ ಅದ್ದಿ, “ತಣ್ಗೈತೆ” ಎಂದಳು. ಜನ ಅವಳನ್ನೇ ನೋಡಿದರು. ಆ ನೋಟ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಊರಿಗೆ ಅದನ್ನು ಕಲಿಸಿದವಳೇ ಅವಳು. ವಿಧಿಯಿಲ್ಲದೆ ಇಳಿದು ಒಂದು ಮುಳುಗು ಹಾಕಿದಳು. ಎದ್ದಾಗ ಕಣ್ಣೆದುರಿಗೆ ಕಪ್ಪು ತಲೆಯೊಂದು ತೇಲಿ ಬರುತ್ತಿತ್ತು.

“ಅಯ್ಯಯ್ಯಪ್ಪಾ! ಬತ್ತಾ ಐತೆ! ಬಸಪ್ಪಾ, ತಪ್ಪಾಯ್ತು ಕಣಪ್ಪಾ! ಒಂದೇ ಒಂದು ಚೊಂಬು! ಅದೂ ಪಾತ್ರೆ ತೊಳ್ದ ನೀರು, ಚೆಲ್ಲೋದು ಯಾಕೆ ಅಂತ ಉಯ್ದೆ!”

ಕ್ಯಾಪ್ಟನ್ ಅವಳ ತೋಳು ಹಿಡಿದು ದಡಕ್ಕೆ ತಂದು, ನ್ಯಾಯವಾಗಿ, ಅವಳ ಮುಖವನ್ನೂ ನೆಕ್ಕಿತು.

ಈಗ ಜನರ ಕಣ್ಣು ಅಧ್ಯಕ್ಷರ ಮೇಲೆ ಬಿತ್ತು. ಚನ್ನಪ್ಪನವರು ಶೀತ ಎಂದರು. ಬಿಪಿ ಮಾತ್ರೆ ತಗೊಂಡಿಲ್ಲ ಎಂದರು. ಕೊನೆಗೆ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಚೊಂಬಿನಿಂದ ತಲೆಗೆ ನೀರು ಹುಯ್ದುಕೊಂಡು, “ಮುಳುಗಿದ್ರೂ ಒಂದೆ, ಉಯ್ಕಂಡ್ರೂ ಒಂದೆ” ಎಂದರು. “ಅದೇ ಚೊಂಬೇನಣ್ಣ ಹಾಲಿಗೂ ಹುಯ್ಯೋದು?” ಎಂದು ಹಿಂದಿನಿಂದ ಯಾರೋ ಕೇಳಿದರು. ಅಧ್ಯಕ್ಷರು ಸಿಟ್ಟಿನಿಂದ ಎದೆಮಟ್ಟಕ್ಕೆ ನಡೆದರು. ಕ್ಯಾಪ್ಟನಿಗೆ ತೋಳು ಸಿಗಲಿಲ್ಲ, ಪಂಚೆ ಸಿಕ್ಕಿತು. ಮೊದಲು ಪಂಚೆಯನ್ನು ದಡ ಮುಟ್ಟಿಸಿ, ಆಮೇಲೆ ಹೋಗಿ ಅಧ್ಯಕ್ಷರನ್ನು ಪಟಾಪಟಿ ಚಡ್ಡಿಯಲ್ಲಿ ತಂದಿತು. ಊರಿನ ಹೆಂಗಸರೆಲ್ಲ ಏಕಕಾಲಕ್ಕೆ ಗುಡಿಯ ಗೋಪುರ ನೋಡಿದರು.

ಆಮೇಲೆ ಹೊಳೆಮಂಟಿಯ ಜನರಿಗೆ ಇದ್ದಕ್ಕಿದ್ದ ಹಾಗೆ ಮನೆಗೆಲಸಗಳು ನೆನಪಾದವು. ಒಬ್ಬನಿಗೆ ಮೋಟರು ಆಫ್ ಮಾಡಬೇಕಿತ್ತು, ಒಬ್ಬಳ ಒಲೆ ಮೇಲೆ ಸಾರು ಉಕ್ಕುತ್ತಿತ್ತು. ಹೊರಟವರನ್ನು ನಿಂತವರು ಅನುಮಾನದಿಂದ ನೋಡಿದರು. ನೋಡಿದವರು ತಾವೂ ಹೊರಟರು. ಕಾಲು ಗಂಟೆಯಲ್ಲಿ ದಡ ಖಾಲಿಯಾಯಿತು.

ಅಂದು ಸಂಜೆ ಡೇರಿಗೆ ಬಂದ ಹಾಲು ಎಂಥದೆಂದರೆ, ಕೊಳವೆ ತೇಲಿಬಿಟ್ಟ ಪರಮೇಶ್ ಕಣ್ಣುಜ್ಜಿಕೊಂಡು ಎರಡು ಸಲ ನೋಡಿದ. ಇಪ್ಪತ್ತೊಂಬತ್ತು. ಆರು ವರ್ಷದಲ್ಲಿ ಇಲ್ಲದ ಡಿಗ್ರಿ. ಹಾಲು ಹಾಕಲು ಬಂದವರು ಬಾಗಿಲಲ್ಲಿ ಮಲಗಿದ್ದ ಕ್ಯಾಪ್ಟನನ್ನು ದಾಟುವ ಮೊದಲು ಚಪ್ಪಲಿ ಬಿಟ್ಟರು. ಮೂರನೇ ದಿನಕ್ಕೆ ಅದರ ಹಣೆಗೆ ಕುಂಕುಮ ಬಂತು, ನಾಲ್ಕನೇ ದಿನಕ್ಕೆ ಕೊರಳಿಗೆ ಚೆಂಡುಹೂವಿನ ಹಾರ. ಹಾರವನ್ನು ಅದು ತಿಂದಿತು. ಅದಕ್ಕೂ ಜನ ಏನೋ ಅರ್ಥ ಹಚ್ಚಿದರು.

ಆದರೆ ಪರಮೇಶನ ಗತಿ ಬೇರೆಯಾಯಿತು. “ನಾವು ಚೊಂಬು, ಅವ್ನು ಕೊಡ” ಎಂದು ಊರು ತೀರ್ಮಾನಿಸಿತ್ತು. ನಾಯಿ ಮಿಕ್ಕ ಇಬ್ಬರನ್ನು ಒಂದೊಂದು ಸಲ ಎಳೆದರೆ, ಅವನನ್ನು ಮೂರು ಸಲ ಎಳೆದಿತ್ತಲ್ಲ! ಅವನು ತಗ್ಗಿಸಿದ ತಲೆಯೆತ್ತದೆ ಹಾಲು ಅಳೆದ. ಸ್ಯಾಂಪಲ್ ಹಾಲನ್ನು ತುಳಸಿಗೂ ಹಾಕದೆ ಮೋರಿಗೆ ಚೆಲ್ಲಿದ. ಊಟಕ್ಕೆ ಕೂತಾಗ ಕ್ಯಾಪ್ಟನ್ ಸುಮ್ಮನೆ ಅವನ ಕಡೆ ನೋಡಿದರೂ, ಇನ್ನೇನು ಗೊತ್ತಿದೆಯಪ್ಪ ಇದಕ್ಕೆ ಎಂದು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸುತ್ತಿದ್ದ. ಬೀಗದ ಕೈ ಅವನ ಬಳಿಯೇ ಇತ್ತು, ಸೋಮವಾರದವರೆಗೆ ಮಾತ್ರ. “ಸಾಯೇಬ್ರು ಬರ್ಲಿ, ಅವ್ರ ಮುಂದೆ ಇತ್ಯರ್ಥ” ಎಂದಿದ್ದರು ಚನ್ನಪ್ಪನವರು.

ಸೋಮವಾರ ಶಶಿಕಿರಣ್ ಬಂದ. ಡಿಗ್ರಿ ನೋಡಿ ಬೆರಗಾದ. ನಡೆದದ್ದನ್ನೆಲ್ಲ ಕೇಳಿ, ನಾಯಿಯನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕ.

“ಏನ್ರೀ ನೀವು! ಇದು ನ್ಯೂಫೌಂಡ್‌ಲ್ಯಾಂಡ್. ಸಮುದ್ರದಲ್ಲಿ ಮುಳುಗ್ತಿರೋರನ್ನ ಕಾಪಾಡೋಕೆ ಅಂತಲೇ ಇರೋ ಜಾತಿ. ನೀರಲ್ಲಿ ಯಾರಿದ್ರೂ ಎಳ್ಕೊಂಡು ಬರುತ್ತೆ. ಕಳ್ಳ ಆದ್ರೂ ಎಳೆಯುತ್ತೆ, ಕಲೆಕ್ಟರ್ ಆದ್ರೂ ಎಳೆಯುತ್ತೆ. ಪಾಪ, ನಿಮ್ಮ ಸೆಕ್ರೆಟರಿದೇನೂ ತಪ್ಪಿಲ್ಲ. ನಂಬಲ್ವಾ? ಬನ್ನಿ ಹೊಳೆಗೆ, ನಾನೇ ಇಳಿದು ತೋರಿಸ್ತೀನಿ. ನನ್ನ ಮನೇಲಿ ಹಸುನೂ ಇಲ್ಲ, ಎಮ್ಮೆನೂ ಇಲ್ಲ.”

ಪರಮೇಶನಿಗೆ ಅಳು ಬಂತು. ಒಂದು ವಾರದಿಂದ ಎದೆಯ ಮೇಲಿದ್ದ ಗುಂಡುಕಲ್ಲು ಉರುಳಿತು. ತಾನು ಕಳ್ಳನಲ್ಲ! ಬಸಪ್ಪ ತನ್ನ ಮೇಲೆ ಮುನಿದಿಲ್ಲ! ನಾಯಿ ತನ್ನನ್ನು ಹಿಡಿದುಕೊಟ್ಟದ್ದಲ್ಲ, ಬದುಕಿಸಿದ್ದು! ಅವನು ಕ್ಯಾಪ್ಟನ ತಲೆ ತಬ್ಬಿಕೊಂಡು, “ಮಗನೇ, ನಿನ್ನ ತಪ್ಪು ತಿಳಿದಿದ್ದೆನಲ್ಲೋ” ಎಂದ. ಹೊಳೆಗೆ ಹೋಗುವ ದಾರಿಯುದ್ದಕ್ಕೂ ಅವನ ಕಾಲು ನೆಲದ ಮೇಲಿರಲಿಲ್ಲ.

ದಡ ಸೇರಿದ ಮೇಲೆ ಜನರ ಮುಖ ನೋಡಿದ. ತನ್ನ ಮುಖದಲ್ಲಿದ್ದ ಸಂತೋಷ ನಲವತ್ತು ಮನೆಯವರ ಮುಖದಲ್ಲೂ ಇತ್ತು. ಇವರಿಗೇಕೆ ಇಷ್ಟು ಖುಷಿ ಎಂದು ಅವನಿಗೆ ಮೊದಲು ಅರ್ಥವಾಗಲಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿದ್ದ ಲಕ್ಕಮ್ಮ ಇನ್ನೊಬ್ಬಳ ಕಿವಿಯಲ್ಲಿ, “ಬರೀ ನಾಯಿ ಅಂತೆ ಕಣೆ. ಸುಮ್ಕೆ ಎದ್ರಿ ವಾರ ಪೂರ್ತಿ ಗಟ್ಟಿ ಆಲು ಉಯ್ದೆ. ಒಟ್ಟೆ ಉರೀತದೆ” ಎನ್ನುವುದು ಕೇಳಿಸಿತು. ಆ ಕಡೆಯಿಂದ ಚನ್ನಪ್ಪನವರು, “ಅಂಗಾರೆ ಇದ್ರಲ್ಲಿ ದೈವ ಗಿಯ್ವ ಏನೂ ಇಲ್ಲ ಅನ್ನಿ ಸಾ. ಬೆಳಿಗ್ಗೆಯಿಂದ ಊರಗಲ ಜೊಲ್ಲು ಸುರಿಸ್ಕಂಡು ಬಿದ್ದಿರ್ತದೆ. ನಾಳೆ ಕರಡಿ ಬಂದೈತೆ ಅಂತ ಅರಣ್ಯ ಇಲಾಖೆಯೋರಿಗೆ ಫೋನ್ ಮಾಡ್ಸಾಣ, ಇಡ್ಕೊಂಡು ಓಗ್ಲಿ” ಎನ್ನುತ್ತಿದ್ದರು.

ಪರಮೇಶ್ ಬುದ್ಧಿವಂತನಲ್ಲ. ಲೆಕ್ಕ ಅವನ ತಲೆಗೆ ಹತ್ತುವುದು ನಿಧಾನ. ಆದರೆ ಹಾಲಿನ ವಿಷಯದಲ್ಲಿ ಅವನಿಗೆ ಹದಿನೆಂಟು ವರ್ಷದ ಅನುಭವವಿತ್ತು. ಇವತ್ತು ಸಾಹೇಬರನ್ನು ನಾಯಿ ಎಳೆದರೆ ತನ್ನ ಹೆಸರು ಉಳಿಯುತ್ತದೆ. ನಾಳೆ ಬೆಳಿಗ್ಗೆ ಚೊಂಬುಗಳು ಹೊರಬೀಳುತ್ತವೆ. ನಾಡಿದ್ದು ಡಿಗ್ರಿ ಇಪ್ಪತ್ಮೂರು. ಆಚೆ ವಾರ ಡೇರಿಗೆ ಬೀಗ. ಲಕ್ಕಮ್ಮನಂಥ ಮುದುಕಿಯರು ಕ್ಯಾನು ಹೊತ್ತು ನಾಲ್ಕು ಕಿಲೋಮೀಟರ್ ನಡೆಯುತ್ತಾರೆ, ಕ್ಯಾಪ್ಟನ್ ಯಾವುದೋ ಬೋನಿನಲ್ಲಿ ನೀರಿಲ್ಲದೆ ನಾಲಿಗೆ ಚಾಚಿಕೊಂಡು ಮಲಗುತ್ತದೆ, ತಾನು ಒಳ್ಳೆಯ ಹೆಸರು ಇಟ್ಟುಕೊಂಡು ಮನೆಯಲ್ಲಿ ಕೂತಿರುತ್ತೇನೆ.

ಶಶಿಕಿರಣ್ ಶರ್ಟು ಬಿಚ್ಚಿ ಮಡಚಿಟ್ಟು ನೀರಿಗಿಳಿದ. ಎಲ್ಲರ ಕಣ್ಣೂ ಅವನ ಮೇಲೆ. ಕ್ಯಾಪ್ಟನ್ ಎದ್ದು ನಿಂತಿತು. ಪರಮೇಶ್ ಯಾರಿಗೂ ಕಾಣದಂತೆ ಅದರ ಪಟ್ಟಿ ಹಿಡಿದು ಗುಡಿಯ ಹಿಂದಕ್ಕೆ ಎಳೆದುಕೊಂಡು ಹೋಗಿ, ನೆಲಕ್ಕೆ ಕೆಡವಿ, ಮೇಲೆ ಮಲಗಿ, ಎರಡೂ ಕೈಯಿಂದ ಕುತ್ತಿಗೆ ತಬ್ಬಿಕೊಂಡ.

ನೀರಿನ ಸದ್ದು ಕೇಳಿಸಿತು. ಒಂದು ಮುಳುಗು. ನಾಯಿ ಅವನನ್ನು ಹೊತ್ತುಕೊಂಡೇ ಎರಡು ಮಾರು ತೆವಳಿತು.

“ಏನ್ರೀ ಮಾಡ್ತಿದೀರಾ?” ಹಿಂದೆ ಗಂಗಾಂಬಿಕೆ ನಿಂತಿದ್ದಳು. “ಬಿಡ್ರೀ! ನಿಮ್ಮ ಹೆಸರು ಉಳಿಯೋ ಹೊತ್ತಲ್ಲಿ…”

“ಬಿಟ್ರೆ ಡೇರಿ ಹೋಗುತ್ತೆ ಗಂಗಾ. ಇವನೂ ಹೋಗ್ತಾನೆ.” ಪರಮೇಶನ ಬಾಯಿತುಂಬ ನಾಯಿಯ ಕೂದಲಿತ್ತು. “ನಾನು ಕಳ್ಳ ಅಲ್ಲ ಅಂತ ನಿಂಗೊಬ್ಳಿಗೆ ಗೊತ್ತಲ್ಲ, ಸಾಕು ಬಿಡು. ಕಾಲು ಹಿಡ್ಕೊ.”

ಗಂಗಾಂಬಿಕೆ ಅರೆಗಳಿಗೆ ಗಂಡನನ್ನು ನೋಡಿದಳು. ಕಣ್ಣು ತುಂಬಿಬಂತು. ಆಮೇಲೆ ಸೀರೆ ಎತ್ತಿಕಟ್ಟಿ, ಕ್ಯಾಪ್ಟನ ಹಿಂಗಾಲುಗಳ ಮೇಲೆ ದಬಾಲನೆ ಕೂತಳು.

ಎರಡನೇ ಮುಳುಗು. ಕ್ಯಾಪ್ಟನ್ ಮುಖವೆತ್ತಿ ಊಳಿಟ್ಟಿತು. ಮನುಷ್ಯನೊಬ್ಬ ಅಲ್ಲೇ ಮುಳುಗುತ್ತಿದ್ದಾನೆ, ತನ್ನನ್ನು ಬಿಡುತ್ತಿಲ್ಲ ಎಂಬ ಅದರ ಸಂಕಟ ಕೇಳಿ ಪರಮೇಶ್ ಅದರ ಕುತ್ತಿಗೆಗೆ ಮುಖ ಒತ್ತಿಕೊಂಡ. ಆದರೂ ಹಿಡಿತ ಬಿಡಲಿಲ್ಲ.

“ಕೇಳ್ರಪ್ಪೋ!” ದಡದಲ್ಲಿ ಲಕ್ಕಮ್ಮನ ದನಿ ನಡುಗಿತು. “ಸತ್ಯವಂತನ್ನ ಕಂಡು ನಾಯಿ ಅಳ್ತಾ ಐತೆ!”

ಮೂರನೇ ಮುಳುಗೂ ಮುಗಿಯಿತು. ಗಂಡ ಹೆಂಡತಿ ಏದುಸಿರು ಬಿಡುತ್ತ ನಾಯಿಯನ್ನು ಬಿಟ್ಟು ಮುಂದೆ ಬರುವ ಹೊತ್ತಿಗೆ ಶಶಿಕಿರಣ್ ಮೆಟ್ಟಿಲ ಮೇಲೆ ಚಳಿಯಲ್ಲಿ ನಡುಗುತ್ತ ನಿಂತಿದ್ದ. ಜನ ಒಬ್ಬೊಬ್ಬರಾಗಿ ಕೈಮುಗಿಯುತ್ತಿದ್ದರು. ಚನ್ನಪ್ಪನವರು ತಮ್ಮ ಹೆಗಲ ಟವೆಲನ್ನೇ ಅವನಿಗೆ ಹೊದಿಸಿದರು. ಶಶಿಕಿರಣನ ಮುಖದಲ್ಲಿ ಮೊದಲು ಗೊಂದಲವಿತ್ತು. ಅಷ್ಟೂ ಜನ ಕೈಮುಗಿದ ಮೇಲೆ ಗೊಂದಲ ಕರಗಿ, ಬೇರೇನೋ ಬಂತು.

“ಅಲ್ಲ… ನಾನು ಸರ್ವಿಸ್‌ನಲ್ಲಿ ಒಂದು ಕಾಫಿನೂ ಯಾರ ಹತ್ರ ಕುಡಿದವನಲ್ಲ” ಎಂದ ಮೆಲ್ಲಗೆ. ಆಮೇಲೆ ಪರಮೇಶನ ಕಡೆ ತಿರುಗಿದ. ಕಣ್ಣು ಕಿರಿದಾಯಿತು. “ಹಾಗಾದ್ರೆ ಇದು ನಿಮ್ಮನ್ನ ಮೂರು ಸಲ ಎಳೆದದ್ದು ಯಾಕ್ರೀ?”

ಪರಮೇಶ್ ತಲೆತಗ್ಗಿಸಿದ.

“ತಪ್ಪಾಯ್ತು ಸಾ.”

ಗಂಗಾಂಬಿಕೆ ಸೆರಗು ಬಾಯಿಗೊತ್ತಿಕೊಂಡಳು. ಅಳುತ್ತಿದ್ದಾಳೆಂದು ಊರು ತಿಳಿಯಿತು. ಅರ್ಧ ಮಾತ್ರ ನಿಜ.

ನಾಯಿ ಎಳೆದವರನ್ನೆಲ್ಲ ತೆಗೆದರೆ ಡೇರಿಯಲ್ಲಿ ಅಧ್ಯಕ್ಷರೂ ಉಳಿಯುವುದಿಲ್ಲ ಎಂಬುದು ಚನ್ನಪ್ಪನವರಿಗೇ ಮೊದಲು ಹೊಳೆಯಿತು. ಆದ್ದರಿಂದ ಕುರ್ಚಿ ಉಳಿಯಿತು. ಸೆಕ್ರೆಟರಿಗೆ ಒಂದು ಎಚ್ಚರಿಕೆ ಪತ್ರ, ಅದನ್ನು ಎಲ್ಲರಿಗೂ ಕಾಣುವಂತೆ ಡೇರಿಯಲ್ಲಿ ಅಂಟಿಸಬೇಕು, ನಾಯಿ ದಿನಾ ಎರಡು ಹೊತ್ತು ಡೇರಿ ಬಾಗಿಲಲ್ಲಿ ಕಡ್ಡಾಯವಾಗಿ ಹಾಜರಿರಬೇಕು ಎಂದು ಶಶಿಕಿರಣ್ ಬರೆದು ಸಹಿ ಹಾಕಿದ.

ಸಂಜೆ ಪರಮೇಶ್ ತಾನೇ ಮೈದಾ ಅಂಟು ಕಾಯಿಸಿ, ತನ್ನ ಹೆಸರಿದ್ದ ಪತ್ರವನ್ನು ಗೋಡೆಗೆ ನೇರವಾಗಿ ಅಂಟಿಸಿ, ಮೂಲೆಗಳನ್ನು ಬೆರಳಿನಿಂದ ಒತ್ತಿದ. ಸಾಲಿನಲ್ಲಿ ಮೊದಲು ನಿಂತಿದ್ದವಳು ಲಕ್ಕಮ್ಮ. ಪತ್ರವನ್ನು ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಬಾಗಿಲಲ್ಲಿದ್ದ ಕ್ಯಾಪ್ಟನಿಗೆ ಕೈಮುಗಿದು, ಕ್ಯಾನು ಮುಂದಿಟ್ಟಳು.

“ನಿನ್ನಂಗಲ್ಲ ಕಣಪ್ಪ ನಾವು. ನೋಡ್ಕೊ ಡಿಗ್ರಿಯ.”

ಪರಮೇಶ್ ಕೊಳವೆ ತೇಲಿಬಿಟ್ಟ. ಇಪ್ಪತ್ತೊಂಬತ್ತೂವರೆ.

“ಗಟ್ಟಿ ಹಾಲು ಅಕ್ಕ” ಎಂದ. “ಮುಂದಿನವ್ರು ಬನ್ನಿ.”